ರತ್ನಮ್ಮನ ಮೊಣಕೈ ಗಟ್ಟಿಯಾದ ಮಳೆಗಾಲ

ಮೊಣಕೈಗೆ ಪೆಟ್ಟಾಗಿದೆ ಎಂದು ಯಾರಾದರೂ ಬಂದರೆ ನಾನು ಮೊದಲು ಆ ತೋಳನ್ನು ಮೂಸಿ ನೋಡುತ್ತೇನೆ. ಬಂದವರಿಗೆ ವಿಚಿತ್ರ ಅನ್ನಿಸುತ್ತದೆ. ಅನ್ನಿಸಲಿ. ಕಳೆದ ವಾರ ಹೊಸಕೋಟೆ ಕಡೆಯವನೊಬ್ಬ ಬಂದಿದ್ದ. ಬೈಕಿನಿಂದ ಬಿದ್ದು, ಪಟ್ಟಿ ಕಟ್ಟಿಸಿಕೊಂಡು, ಬಿಚ್ಚಿಸಿಕೊಂಡು ಬಂದವನು. ಅವನ ತೋಳನ್ನು ಹತ್ತಿರಕ್ಕೆ ತಂದುಕೊಂಡೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಳ್ಳೆಣ್ಣೆಯ ವಾಸನೆ. ಅದರೊಳಗೆ ಒಂದಿಷ್ಟು ಕರ್ಪೂರ.

“ಯಾರು ತಿಕ್ಕಿದ್ದು?” ಎಂದೆ.

“ಯಾರೂ ತಿಕ್ಕಿಲ್ಲ ಮೇಡಂ. ಸುಮ್ನೆ ಸವರಿದ್ದು ಅಷ್ಟೆ,” ಎಂದಳು ಅವನ ಹೆಂಡತಿ.

ಹೇಳಬೇಕಾದ್ದನ್ನು ಹೇಳಿದೆ. ನನ್ನ ದನಿ ಏರಿತ್ತೆಂದು ನನಗೆ ತಿಳಿದದ್ದು ಆಕೆ ಗಂಡನ ಹಿಂದೆ ಸರಿದು ನಿಂತಾಗ. ಅವರು ಹೋದ ಮೇಲೆ ಕಿಟಕಿ ತೆರೆದಿಟ್ಟು ಕುಳಿತೆ. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ದೊಡ್ಡಬಳ್ಳಾಪುರದ ಆ ಮಳೆಗಾಲವನ್ನು ಯಾರ ಮುಂದೆಯೂ ನಾನು ಪೂರ್ತಿಯಾಗಿ ಹೇಳಿಲ್ಲ.

ಫಿಸಿಯೋಥೆರಪಿ ಓದು ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಅಲ್ಲಿಯ ಒಂದು ಸಣ್ಣ ಮೂಳೆ ಆಸ್ಪತ್ರೆಗೆ. ಆಷಾಢದ ಗಾಳಿ ಬೀಸುತ್ತಿದ್ದ ಕಾಲ. ಕೆಳಗಡೆ ಔಷಧಿ ಅಂಗಡಿ, ಮೇಲೆ ನಾಲ್ಕು ಕೋಣೆ. ಅದರಲ್ಲಿ ಕೊನೆಯದು ನನ್ನದು. ಊರಿನ ತುಂಬ ವಿದ್ಯುತ್ ಮಗ್ಗಗಳ ಸದ್ದು. ಮೊದಲ ವಾರ ತಲೆ ಸಿಡಿದು ಹೋಗುವಂತಿತ್ತು, ಆಮೇಲೆ ಕೇಳಿಸುವುದೇ ನಿಂತಿತು. ಕರೆಂಟು ಹೋದಾಗ ಮಾತ್ರ ಓಣಿಗೆ ಓಣಿಯೇ ಒಮ್ಮೆಲೇ ಸುಮ್ಮನಾಗಿ, ಎಲ್ಲರೂ ಹೊರಗೆ ಬಂದು ಜಗಲಿಯ ಮೇಲೆ ಕೂರುತ್ತಿದ್ದರು.

ನನ್ನಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಮಗ್ಗದವರೇ. ನಿಂತು ನಿಂತು ಮಂಡಿ ಸವೆದವರು, ಭುಜ ಹಿಡಿದುಕೊಂಡು ತಲೆ ಬಾಚಲಾಗದವರು. ಕೆಲವರಿಗೆ ವ್ಯಾಯಾಮ ಸಾಕಾಗುತ್ತಿತ್ತು. ಕೆಲವರಿಗೆ ಡಾಕ್ಟರು ಕೀಲಿನೊಳಕ್ಕೆ ಇಂಜೆಕ್ಷನ್ ಕೊಡುತ್ತಿದ್ದರು. ತೀರಾ ಸವೆದ ಮಂಡಿಯವರನ್ನು, ಬದಲಿ ಕೀಲು ಹಾಕಿಸಿಕೊಳ್ಳಿ ಎಂದು ಬೆಂಗಳೂರಿಗೆ ಕಳಿಸುತ್ತಿದ್ದರು. ಅವರು ಬೆಂಗಳೂರಿಗೆ ಹೋಗದೆ ಮತ್ತೆ ನನ್ನ ಬಳಿಗೇ ಬರುತ್ತಿದ್ದರು.

ರತ್ನಮ್ಮ ಬಂದದ್ದು ಹಾಗಲ್ಲ. ಆಕೆಯನ್ನು ಆಟೋದಿಂದ ಎತ್ತಿಕೊಂಡು ತಂದರು. ನೀರಿನ ತೊಟ್ಟಿಯ ಪಕ್ಕದ ಪಾಚಿಯ ಮೇಲೆ ಜಾರಿ, ಬಲಗೈ ಊರಿ ಬಿದ್ದಿದ್ದಳು. ಮೊಣಕೈಯ ಹಿಂಭಾಗ ಚೂಪಾಗಿ ಹೊರಗೆ ಬಂದಿತ್ತು. ಕೀಲು ತಪ್ಪಿತ್ತು. ಡಾಕ್ಟರು ಅರಿವಳಿಕೆ ಕೊಟ್ಟು ಎಳೆದು ಕೂರಿಸಿದರು. ಎಕ್ಸ್‌ರೇ ನೋಡಿ, “ಮೂಳೆ ಮುರಿದಿಲ್ಲ. ಪುಣ್ಯವಂತೆ ಕಣಮ್ಮ ನೀನು. ಆಪರೇಷನ್ ಬೇಕಿಲ್ಲ. ಪಟ್ಟಿ ಬಿಚ್ಚಿದ ಮೇಲೆ ಮೇಡಂ ಹೇಳಿದ ಹಾಗೆ ಮಾಡು,” ಎಂದರು.

ಆಕೆಗೆ ಮೂವತ್ತೈದರ ಆಸುಪಾಸು. ಗಂಡ ನಂಜುಂಡನಿಗೆ ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಮಗ್ಗ. ಅತ್ತೆ ಗಂಗಮ್ಮ. ಮಕ್ಕಳಿರಲಿಲ್ಲ. ಆ ಓಣಿಯಲ್ಲಿ ರತ್ನಮ್ಮ ಎಂದರೆ ಕೆಚ್ಚುವ ರತ್ನಮ್ಮ. ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ನೂಲು, ಅಂದರೆ ಹಾಸು, ಮುಗಿಯುತ್ತ ಬಂದಾಗ, ಹಳೆಯ ನೂಲಿನ ತುದಿಗೆ ಹೊಸ ಹಾಸಿನ ತುದಿಯನ್ನು ಎಳೆ ಎಳೆಯಾಗಿ ಬೆರಳಲ್ಲಿ ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಅದನ್ನು ಅಲ್ಲಿ ಕೆಚ್ಚುವುದು ಎನ್ನುತ್ತಾರೆ. ಎರಡೂ ತೋಳನ್ನು ಮುಂದಕ್ಕೆ ಚಾಚಿಕೊಂಡು ಗಂಟೆಗಟ್ಟಲೆ ಕೂತು ಮಾಡುವ ಕೆಲಸ. ರತ್ನಮ್ಮ ಕೆಚ್ಚಿದ ಎಳೆ ಬಿಚ್ಚಿಕೊಳ್ಳುವುದಿಲ್ಲ ಎಂದು ಅಕ್ಕಪಕ್ಕದವರೆಲ್ಲ ಅವಳಿಗಾಗಿ ಕಾಯುತ್ತಿದ್ದರು.

ಪಟ್ಟಿ ಬಿಚ್ಚಿದ ದಿನ ಮೂವರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದೆ. ಮೊಣಕೈ ಬೇರೆ ಕೀಲುಗಳ ಹಾಗಲ್ಲ. ಕೈಯನ್ನು ಅವಳೇ ಮಡಿಸಬೇಕು, ಅವಳೇ ಬಿಡಿಸಬೇಕು. ಬೇರೆಯವರು ಎಳೆಯುವಂತಿಲ್ಲ. ಎಣ್ಣೆ ಹಾಕಿ ತಿಕ್ಕುವಂತಿಲ್ಲ. ಒಳಗೆ ಮಾಂಸ ಹರಿದು ರಕ್ತ ಕಟ್ಟಿರುತ್ತದೆ. ಅದನ್ನು ನೋಯಿಸಿದರೆ ಮೈ ಅಲ್ಲಿ ಮೂಳೆ ಬೆಳೆಸಲು ಶುರುಮಾಡುತ್ತದೆ.

“ಮಾಂಸದೊಳ್ಗೆ ಮೂಳೆಯಾ?” ಎಂದು ಗಂಗಮ್ಮ ನಕ್ಕರು. “ಹೆದರ್ಸಕ್ಕೆ ಒಂದು ಮಾತು ಹೇಳ್ತಾಳೆ ಈ ಹುಡ್ಗಿ.”

“ಅಮ್ಮಾ, ಸುಮ್ಕಿರು. ಓದಿರೋರು,” ಎಂದ ನಂಜುಂಡ.

ಮೊದಲ ದಿನಗಳಲ್ಲಿ ಎಲ್ಲವೂ ಚೆನ್ನಾಗಿಯೇ ಇತ್ತು. ರತ್ನಮ್ಮ ದಿನಾ ಬರುತ್ತಿದ್ದಳು. ನೋವಾದರೆ ನಗುವ ಅಭ್ಯಾಸ ಅವಳಿಗೆ. “ಮೇಡಂ, ಕಿವಿ ಓಲೆ ನಾನೇ ಹಾಕ್ಕಳೋ ಅಷ್ಟು ಬಂದ್ಬಿಟ್ರೆ ಸಾಕು, ನಮ್ಮತ್ತೆ ಹಾಕಿದ್ರೆ ಕಿವೀನೇ ಕಿತ್ತು ಬರ್ತದೆ,” ಎನ್ನುತ್ತಿದ್ದಳು. ಮಡಿಸುವುದು ಬೇಗ ಬಂತು. ಒಂದು ಶುಕ್ರವಾರ ಆಕೆ ಸೆರಗಿನಲ್ಲಿ ಕಟ್ಟಿ ತಂದಿದ್ದ ಕೋಡುಬಳೆಯ ಚೂರೊಂದನ್ನು ಬಲಗೈಯಲ್ಲಿ ಹಿಡಿದು, ಕತ್ತು ಬಗ್ಗಿಸಿ, ಬಾಯಿಗೆ ಹಾಕಿಕೊಂಡಳು.

“ತಿಂದ್ಬಿಟ್ಟೆ ನೋಡಿ!” ಎಂದು ಕೋಣೆಯ ಹೊರಗೆ ಕಾಯುತ್ತಿದ್ದವರಿಗೂ ಕೇಳುವಂತೆ ಕೂಗಿದಳು. ಅಷ್ಟು ದಿನ ಅವಳಿಗೆ ಊಟ ಮಾಡಿಸುತ್ತಿದ್ದದ್ದು ಗಂಗಮ್ಮ. ಆ ಬಗ್ಗೆ ರತ್ನಮ್ಮ ಹೆಚ್ಚು ಹೇಳಿರಲಿಲ್ಲ. ಒಮ್ಮೆ ಮಾತ್ರ, “ನಾನು ನುಂಗೋಕೆ ಮುಂಚೆ ಮುಂದಿನ ತುತ್ತು ಬಾಯಿ ಹತ್ರ ಬಂದಿರ್ತದೆ ಮೇಡಂ,” ಎಂದಿದ್ದಳು.

ಆದರೆ ಕೈ ಪೂರ್ತಿ ಬಿಡಿಸಲು ಬರುತ್ತಿರಲಿಲ್ಲ. ಬಿಡಿಸುವುದು ಯಾವಾಗಲೂ ನಿಧಾನ. ಇನ್ನೆರಡು ತಿಂಗಳು ತಾಳ್ಮೆಯಿಂದ ಮಾಡಿದರೆ ಮುಕ್ಕಾಲುಪಾಲು ಬರುತ್ತದೆ ಎಂದು ನಂಜುಂಡನಿಗೆ ಹೇಳಿದೆ. ಅವನು ತಲೆಯಾಡಿಸಿದ. ಶ್ರಾವಣ ಬಂದಿತ್ತು. ವರಮಹಾಲಕ್ಷ್ಮಿ ಹಬ್ಬದ ಸೀರೆಗಳ ಕೆಲಸ ಓಣಿಯ ತುಂಬ ತುಂಬಿತ್ತು. ಬೇರೆ ಊರಿನಿಂದ ಕರೆಸಿದ ಹೆಂಗಸು ಕೆಚ್ಚಿದ ಎಳೆಗಳು ಮಗ್ಗದ ಅಚ್ಚಿನ ಹಲ್ಲುಗಳ ನಡುವೆ ತುಂಡಾಗುತ್ತಿವೆ ಎಂದು ಎಲ್ಲರೂ ಬೈಯುತ್ತಿದ್ದರು.

ಆಮೇಲೆ ಒಂದು ವಾರ ರತ್ನಮ್ಮ ಬರಲಿಲ್ಲ. ಹಬ್ಬದ ಕೆಲಸವಿರಬೇಕು ಅಂದುಕೊಂಡೆ. ಬಂದಾಗ ಮೊಣಕೈ ಊದಿತ್ತು. ಮುಟ್ಟಿದರೆ ಜ್ವರ ಬಂದ ಮೈಯ ಹಾಗೆ ಬಿಸಿ. ಕೋನ ಅಳೆಯುವ ಪಟ್ಟಿ ಇಟ್ಟು ನೋಡಿದೆ. ಮಡಿಸುವುದೂ ಕಡಿಮೆಯಾಗಿತ್ತು, ಬಿಡಿಸುವುದೂ ಕಡಿಮೆಯಾಗಿತ್ತು. ತೋಳಿನಿಂದ ಬೆಳ್ಳುಳ್ಳಿ ಎಣ್ಣೆಯ ವಾಸನೆ ಬರುತ್ತಿತ್ತು.

“ಯಾರು ತಿಕ್ಕಿದ್ದು?”

ಅವಳು ಬಾಗಿಲ ಕಡೆ ನೋಡಿದಳು. ಅಲ್ಲಿ ಗಂಗಮ್ಮ ನಿಂತಿದ್ದರು. “ಸುಮ್ನೆ ಸವರಿದ್ದು,” ಎಂದಳು ರತ್ನಮ್ಮ. ಆವತ್ತು ಅವಳು ನಗಲಿಲ್ಲ.

ನನ್ನ ಬಾಡಿಗೆ ಮನೆ ಅವರ ಓಣಿಯ ಹಿಂದೆಯೇ. ಅಂದು ಸಂಜೆ ನೋಡಿಕೊಂಡು ಹೋಗೋಣವೆಂದು ಹೊರಟೆ. ಮಳೆ ಹನಿಯುತ್ತಿತ್ತು, ಕರೆಂಟು ಹೋಗಿತ್ತು. ಆದರೂ ಜಗಲಿಗಳ ಮೇಲೆ ಯಾರೂ ಇರಲಿಲ್ಲ. ಎಲ್ಲರೂ ನಂಜುಂಡನ ಶೆಡ್ಡಿನಲ್ಲಿದ್ದರು.

ಆ ಓಣಿಯಲ್ಲಿ ಒಂದು ಪದ್ಧತಿಯಿದೆ. ಯಾರ ಮನೆಯಲ್ಲಾದರೂ ಹೊಸ ಹಾಸು ಸುತ್ತಿದ ಉರುಳೆಯನ್ನು ಮಗ್ಗಕ್ಕೆ ಏರಿಸುವುದಿದ್ದರೆ ಕರೆಯದೆಯೇ ಅಕ್ಕಪಕ್ಕದವರು ಬಂದು ಹಿಡಿಯುತ್ತಾರೆ. ಅಂದೂ ಹಾಗೆಯೇ ಬಂದಿದ್ದರು. ರತ್ನಮ್ಮನನ್ನು ಮಗ್ಗದ ಪಕ್ಕ ಮಣೆಯ ಮೇಲೆ ಕೂರಿಸಿದ್ದರು. ಬಲತೋಳಿನ ಕೆಳಗೆ ಹಳೆಯ ಸೀರೆ ಮಡಿಸಿಟ್ಟು, ಮಗ್ಗದ ಮರದ ಮೇಲೆ ಅದನ್ನು ಮಲಗಿಸಿದ್ದರು. ಹಾಸಿನ ನೂಲು ಸಡಿಲವಾಗದಿರಲೆಂದು ಉರುಳೆಗೆ ಹಗ್ಗ ಸುತ್ತಿ ಇಳಿಬಿಡುವ ಕಬ್ಬಿಣದ ತೂಕವೊಂದಿರುತ್ತದೆ. ಅದನ್ನು ಅವಳ ಮಣಿಕಟ್ಟಿಗೆ ಕಟ್ಟಿ ಇಳಿಬಿಟ್ಟಿದ್ದರು. ಪಕ್ಕದ ಮನೆಯ ಚಿಕ್ಕಣ್ಣ ಅವಳ ಭುಜ ಅಲುಗದಂತೆ ಹಿಡಿದಿದ್ದ. ಗಂಗಮ್ಮ ಮೊಣಕೈಗೆ ಎಣ್ಣೆ ಹಾಕಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ತಿಕ್ಕುತ್ತಿದ್ದರು. ರತ್ನಮ್ಮನ ಬಾಯಲ್ಲಿ ಸೆರಗಿನ ತುದಿ.

“ಅಕ್ಕಾ, ಇನ್ನೊಂಚೂರು ತಡ್ಕೋ, ಆಯ್ತು ಆಯ್ತು,” ಎನ್ನುತ್ತಿದ್ದ ಚಿಕ್ಕಣ್ಣ. ಅವನ ಕಣ್ಣಲ್ಲೂ ನೀರಿತ್ತು.

ಬಿಚ್ಚಿ ಎಂದು ಕಿರುಚಿದೆ. ಯಾರೂ ನಾಚಲಿಲ್ಲ, ಯಾರೂ ಬೆದರಲಿಲ್ಲ. ನಂಜುಂಡ ನನಗೆ ಸ್ಟೂಲು ತಂದಿಟ್ಟ.

“ಬನ್ನಿ ಮೇಡಂ, ಬನ್ನಿ. ನೀವೇ ನೋಡಿ, ಎಷ್ಟು ಬಿಟ್ಕೊಂಡೈತೆ! ನಿಮ್ಮದು ತಪ್ಪು ಅಂತ ಹೇಳ್ತಿಲ್ಲ. ನಿಮ್ಮದು ಮೆತ್ತಗಿನ ಕೈ. ನೂಲನ್ನ ಎಳ್ದು ನಿಲ್ಲಿಸ್ದಿದ್ರೆ ಸೀರೆ ಆಗ್ತದಾ ಹೇಳಿ? ಸಡ್ಲ ಬಿಟ್ರೆ ಯಾವ್ದೂ ಮಾತು ಕೇಳಲ್ಲ.”

“ನೂಲಲ್ಲ ಇದು. ಕೈ.”

“ಕೈಯೇ ಮೇಡಂ. ಅದ್ಕೇ ಇಷ್ಟು ಜನ ಹಿಡ್ಕೊಂಡಿರೋದು.”

ತೂಕವನ್ನು ನಾನೇ ಬಿಚ್ಚಿದೆ. ಹಗ್ಗದ ಗುರುತು ಮಣಿಕಟ್ಟಿನ ಸುತ್ತ ಕೆಂಪಗೆ ಉಳಿದಿತ್ತು. ಒಂದೇ ಗುರುತಲ್ಲ. ಹಳೆಯವೂ ಇದ್ದವು. ರತ್ನಮ್ಮ ಸೆರಗನ್ನು ಬಾಯಿಂದ ತೆಗೆದು, “ಬಯ್ಯಬೇಡಿ ಮೇಡಂ. ನಂಗೋಸ್ಕರಾನೇ ಮಾಡ್ತಿರೋದು,” ಎಂದಳು.

ಮರುದಿನ ಎಕ್ಸ್‌ರೇ ತೆಗೆಸಿದೆವು. ಮೊಣಕೈಯ ಮುಂದೆ, ಮಾಂಸವಿರಬೇಕಾದ ಜಾಗದಲ್ಲಿ, ಹಿಂಜಿದ ಅರಳೆಯಂಥ ಬಿಳಿ ಬಣ್ಣ ಹರಡಿತ್ತು. ನಾನು ಅದನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ. ಡಾಕ್ಟರು ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಬೈದರು. ಆಮೇಲೆ ಸುಸ್ತಾದವರಂತೆ ಕೂತು, ಇನ್ನು ಉಳಿದಿರುವ ದಾರಿ ಯಾವುದು ಎಂದು ಹೇಳಿದರು.

ಈಗ ಮುಟ್ಟುವಂತಿಲ್ಲ. ಮಾತ್ರೆ ಕೊಟ್ಟು, ವಿಶ್ರಾಂತಿ ಕೊಟ್ಟು, ಆ ಮೂಳೆ ಬಲಿಯುವವರೆಗೆ ಕಾಯಬೇಕು. ಅದಕ್ಕೆ ವರ್ಷವೇ ಹಿಡಿಯಬಹುದು. ಆಮೇಲೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಕೆತ್ತಿ ತೆಗೆಯಬಹುದು. ಕೈ ಒಂದಿಷ್ಟು ಆಡಬಹುದು. ಮೂಳೆ ಮತ್ತೆ ಬೆಳೆಯಲೂಬಹುದು. ಕಿರುಬೆರಳು, ಉಂಗುರದ ಬೆರಳಿಗೆ ಹೋಗುವ ನರ ಅಲ್ಲೇ ಹಾದುಹೋಗುವುದರಿಂದ ಅದಕ್ಕೆ ಪೆಟ್ಟಾಗುವ ಭಯವೂ ಇದೆ.

“ಬೆರಳಿಗಾ?” ಎಂದ ನಂಜುಂಡ. ಅಲ್ಲಿಂದ ಮುಂದಕ್ಕೆ ಅವನು ಆ ಮೂಳೆ ಕೆತ್ತಿಸುವ ಮಾತೆತ್ತಲಿಲ್ಲ. “ಮಂಡಿ ಬದಲಾಯಿಸ್ತಾರಂತಲ್ಲ ಸಾರ್, ಹಂಗೆ ಇದನ್ನೂ ಬದಲಾಯ್ಸಕ್ಕಾಗಲ್ವಾ?”

“ಬದಲಿ ಕೀಲು ಹಾಕ್ತಾರೆ. ಆದರೆ ಹಾಕಿದ ಮೇಲೆ ಆ ಕೈಯಲ್ಲಿ ಒಂದು ಕೊಡ ನೀರೂ ಎತ್ತೋ ಹಾಗಿಲ್ಲ. ಈ ವಯಸ್ಸಿಗೆ ಹಾಕಿದ್ರೆ ಬೇಗ ಸಡಿಲವಾಗುತ್ತೆ.”

“ಮತ್ತೆ ಇನ್ನೇನು ಸಾರ್?”

“ಈಗಿರೋ ಅಲ್ಪಸ್ವಲ್ಪ ಅಲುಗಾಟವೂ ನಿಲ್ಲುತ್ತೆ. ಹೇಗೂ ಗಟ್ಟಿಯಾಗುತ್ತೆ ಅಂತಾದ್ರೆ ಉಪಯೋಗಕ್ಕೆ ಬರೋ ಕೋನದಲ್ಲಿ ಗಟ್ಟಿಯಾಗಲಿ. ಅದಕ್ಕೆ ಈಗ್ಲೇ ಪಟ್ಟಿ ಹಾಕಿ ನಿಲ್ಲಿಸಬೇಕು.” ಡಾಕ್ಟರು ತಮ್ಮ ಕೈಯನ್ನೇ ಮಡಿಸಿ ತೋರಿಸಿದರು. “ಹೀಗೆ ಮಡಿಸಿ ನಿಲ್ಲಿಸಿದ್ರೆ, ಕತ್ತು ಬಗ್ಗಿಸಿ, ಚಮಚ ಹಿಡಿದು ಊಟ ಮಾಡಬಹುದು. ದೂರಕ್ಕೆ ಚಾಚೋಕಾಗಲ್ಲ. ಹೀಗೆ ಬಿಡಿಸಿ ನಿಲ್ಲಿಸಿದ್ರೆ ಮುಂದೆ ಚಾಚಿ ಕೆಲಸ ಮಾಡಬಹುದು. ಬಾಯಿಗೆ ಬರಲ್ಲ. ಯಾವುದಾದ್ರೂ ಒಂದೇ.” ಆಮೇಲೆ ರತ್ನಮ್ಮನ ಕಡೆ ತಿರುಗಿ, “ನಿನಗೆ ಯಾವುದು ಬೇಕಮ್ಮಾ?” ಎಂದರು.

ರತ್ನಮ್ಮ ಯೋಚಿಸಲಿಲ್ಲ. “ಊಟ ಮಾಡಂಗಿದ್ರೆ ಸಾಕು ಸಾರ್,” ಎಂದಳು.

ಗಂಗಮ್ಮನವರು ಸೊಸೆಯ ಬೆನ್ನ ಮೇಲೆ ಕೈಯಿಟ್ಟು ನಕ್ಕರು. “ನೋಡಿ ಸ್ವಾಮಿ, ಹೊಟ್ಟೆಬಾಕಿ. ಎಲ್ಲಾ ಬಿಟ್ಟು ಊಟದ್ದೇ ಚಿಂತೆ. ನಾನೇನು ಸತ್ತೋಗಿದೀನಾ ಉಣ್ಸೋಕೆ? ನಮ್ಮತ್ತೆಗೆ ಕೊನೇಗಾಲದಲ್ಲಿ ವರ್ಷಗಟ್ಲೆ ಉಣ್ಸಿದೀನಿ. ಕೆಚ್ಚೋ ಕೆಲ್ಸ ನಾನು ಮಾಡಕ್ಕಾಗ್ತದಾ?”

“ಬಾಯಿಗೆ ಕೈ ಹೋಗದಿದ್ದರೆ ಮುಖ ತೊಳೆಯೋಕೂ ಆಗಲ್ಲ, ತಲೆ ಬಾಚೋಕೂ ಆಗಲ್ಲ,” ಎಂದೆ ನಾನು. “ಅವರಿಗೇನು ಬೇಕು ಅಂತ ಈಗಷ್ಟೇ ಹೇಳಿದ್ರಲ್ಲ.”

“ಎಡಗೈ ಐತಲ್ಲ ಮೇಡಂ ಅದ್ಕೆಲ್ಲ,” ಎಂದ ನಂಜುಂಡ. ಜಗಳದ ದನಿಯಲ್ಲಲ್ಲ. ನನಗೆ ತಿಳಿಯದ ಒಂದು ಲೆಕ್ಕವನ್ನು ತಿಳಿಸಿಹೇಳುವವನ ಹಾಗೆ.

ಡಾಕ್ಟರ ಕೋಣೆಯ ಹೊರಗೆ ಜನ ಕಾಯುತ್ತಿದ್ದರು. ಮನೆಯಲ್ಲಿ ಮಾತಾಡಿಕೊಂಡು ಬನ್ನಿ, ಆದರೆ ಬೇಗ ಬನ್ನಿ ಎಂದು ಅವರು ಕಳಿಸಿಕೊಟ್ಟರು.

ಎರಡು ದಿನ ಬಿಟ್ಟು ನಂಜುಂಡ ನನ್ನನ್ನು ಮನೆಗೆ ಕರೆದ. ಕೋನ ಅಳೆಯುವ ಪಟ್ಟಿಯನ್ನೂ ತರಬೇಕಂತೆ. ಹೋದೆ. ಮಗ್ಗದ ಮುಂದೆ ರತ್ನಮ್ಮನನ್ನು ಅವಳು ಯಾವಾಗಲೂ ಕೂರುವ ಜಾಗದಲ್ಲಿ ಕೂರಿಸಿದ್ದ. ಹಳೆಯ ಹಾಸಿನ ತುದಿ ಎದುರಿಗೆ ಹರಡಿತ್ತು. ಅವನು ಅವಳ ತೋಳನ್ನು ಕೆಳಗಿನಿಂದ ಎತ್ತಿ ಹಿಡಿದು, ನೂಲಿನ ಹತ್ತಿರ ತಂದು, “ಇಷ್ಟು ಸಾಕಾ? ಇನ್ನೊಂಚೂರು ಮುಂದಕ್ಕಾ? ನೋವಾದ್ರೆ ಹೇಳು,” ಎಂದು ಕೇಳುತ್ತಿದ್ದ. ಬಹಳ ಮೃದುವಾಗಿ ಹಿಡಿದಿದ್ದ. ಅವಳ ಬೆರಳುಗಳು ತಾವಾಗಿಯೇ ಒಂದು ಎಳೆಯನ್ನು ಹುಡುಕಿ ಹೊಸೆದವು.

“ಅಲ್ಲೇ! ಅಲ್ಲೇ ಅಳೀರಿ ಮೇಡಂ,” ಎಂದ.

ಅಳೆದೆ. ಆಮೇಲೆ ಅವನನ್ನು ಹೊರಗೆ ಕಳಿಸಿ, ರತ್ನಮ್ಮನ ಪಕ್ಕ ಕೂತೆ. “ನಿಮಗೆ ಬೇಕಾದ್ದನ್ನೇ ಡಾಕ್ಟರ ಮುಂದೆ ಇನ್ನೊಮ್ಮೆ ಹೇಳಿ. ನಾನು ಜೊತೆಗಿರ್ತೀನಿ. ಕೈ ನಿಮ್ಮದು,” ಎಂದೆ.

ಅವಳು ಎಳೆಗಳನ್ನೇ ನೋಡುತ್ತಿದ್ದಳು. “ನೀವು ಸಾಯಂಕಾಲ ನಿಮ್ಮ ಮನೆಗೆ ಹೋಗ್ತೀರ ಮೇಡಂ,” ಎಂದಳು. ಎಡಗೈಯಿಂದ ಒಂದು ಎಳೆಯನ್ನು ನೇವರಿಸುತ್ತ, “ಕೆಚ್ಚೋದೂ ಬರ್ದೇ ಹೋದ್ರೆ ನಾನು ಈ ಮನೇಲಿ ಯಾರು?” ಎಂದಳು.

ಡಾಕ್ಟರು ಮತ್ತೆ ಕೇಳಿದಾಗ ಅವಳು, “ಅವ್ರು ಹೇಳ್ದಂಗೇ ಹಾಕ್ಬಿಡಿ ಸಾರ್,” ಎಂದಳು. ಪಟ್ಟಿ ಹಾಕುವಾಗ ತೋಳನ್ನು ಹಿಡಿದುಕೊಂಡವಳು ನಾನು. ಅಳೆದ ಕೋನದಲ್ಲೇ ಹಿಡಿದೆ.

ಭಾದ್ರಪದದ ಮಳೆ ಹೆಚ್ಚಾಗಿ ಸುರಿಯಿತು. ಪಟ್ಟಿಯ ಒಳಗೆ ಮೊಣಕೈ ತಣ್ಣಗಾಯಿತು, ಊತ ಇಳಿಯಿತು. ಪ್ರತಿ ಎಕ್ಸ್‌ರೇಯಲ್ಲೂ ಆ ಅರಳೆ ಹೆಚ್ಚು ಬೆಳ್ಳಗೆ, ಅಂಚು ಹೆಚ್ಚು ಸ್ಪಷ್ಟ. ಪಟ್ಟಿ ತೆಗೆದ ದಿನ ಕೈ ಅಲುಗಲಿಲ್ಲ. ಮುಂದಕ್ಕೆ ಚಾಚಿ, ಕೊಂಚ ಬಾಗಿ, ಯಾರಿಂದಲೋ ಏನನ್ನೋ ಇಸಿದುಕೊಳ್ಳುವ ಹಾಗೆ ನಿಂತಿತ್ತು.

ದೀಪಾವಳಿ ಕಳೆದ ಮೇಲೆ ರತ್ನಮ್ಮ ಮೊದಲ ಬಾರಿಗೆ ಕೆಚ್ಚಲು ಕೂರುತ್ತಾಳೆಂದು ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಓಣಿಯ ಐದಾರು ಮನೆಯವರು, ನಾನು. ಮಗ್ಗಕ್ಕೆ ಹೂ ಮುಡಿಸಿದ್ದರು. ರತ್ನಮ್ಮ ಹೊಸ ಸೀರೆ ಉಟ್ಟು ಬಂದು ಕೂತಳು. ಬೆರಳುಗಳಿಗೆ ಏನೂ ಆಗಿರಲಿಲ್ಲ. ಎಳೆಯ ಮೇಲೆ ಎಳೆ ಹೊಸೆಯುತ್ತ ಹೋದವು. ಅಷ್ಟು ಚುರುಕಾಗಿ ಓಡುವ ಬೆರಳುಗಳ ಹಿಂದೆ ಆ ತೋಳು ಮರದ ಹಿಡಿಯಂತೆ ಒಂದೇ ಕಡೆ ನಿಂತಿತ್ತು. ಕೈ ಎಡಕ್ಕೋ ಬಲಕ್ಕೋ ಸರಿಯಬೇಕಾದಾಗ ಅವಳು ಇಡೀ ಮೈಯನ್ನೇ ಜರುಗಿಸುತ್ತಿದ್ದಳು. ಚಿಕ್ಕಣ್ಣ ಒಂದು ಎಳೆಯನ್ನು ಎಳೆದು ನೋಡಿ, “ಬಿಡಲ್ಲ ಕಣ್ರೋ, ಅದೇ ಕೈ!” ಎಂದ. ಎಲ್ಲರೂ ನಕ್ಕರು. ನಂಜುಂಡ ಕಣ್ಣೊರೆಸಿಕೊಂಡ.

ಊಟಕ್ಕೆ ಸಾಲಾಗಿ ಎಲೆ ಹಾಕಿದರು. ಒಬ್ಬಟ್ಟು, ಕೋಸಂಬರಿ, ಅನ್ನ, ಸಾರು. ರತ್ನಮ್ಮನನ್ನೂ ಎಲೆಯ ಮುಂದೆ ಕೂರಿಸಿದರು. ನಂಜುಂಡ ಅವಳೆದುರು ಕುಕ್ಕರಗಾಲಿನಲ್ಲಿ ಕೂತು, ಒಬ್ಬಟ್ಟು ಮುರಿದು ತುಪ್ಪದಲ್ಲಿ ಅದ್ದಿ ಅವಳ ಬಾಯಿಗಿಟ್ಟ.

“ಮದ್ವೇಲಿ ಕೂಡ ಹಿಂಗೆ ತಿನ್ಸಿರ್ಲಿಲ್ವಲ್ಲೋ ನಂಜುಂಡ!” ಎಂದಳು ಚಿಕ್ಕಣ್ಣನ ಹೆಂಡತಿ.

“ಆವಾಗ ಇವ್ಳ ಬೆಲೆ ಗೊತ್ತಿರ್ಲಿಲ್ಲ ಕಣಕ್ಕಾ,” ಎಂದ ಅವನು. ಮತ್ತೆ ನಗು. ಯಾರೋ ಬಾಗಿಲಲ್ಲಿ ಕರೆದರು, ಅವನು ಎದ್ದು ಹೋದ. ಗಂಗಮ್ಮ ಬಡಿಸುತ್ತಿದ್ದರು. ಬಡಿಸುತ್ತಾ ಸಾಲಿನ ಆ ಕೊನೆಗೆ ಹೋದರು, ಈ ಕೊನೆಗೆ ಬಂದರು. ಸೊಸೆಯ ಎಲೆಗೆ ಎರಡು ಸಲ ಸಾರು ಹಾಕಿದರು.

ರತ್ನಮ್ಮ ಕಾದಳು. ಆಮೇಲೆ ಎಡಗೈಯಿಂದ ಅನ್ನದ ಅಂಚನ್ನು ಮುಟ್ಟಿದಳು.

“ಏಯ್, ಎಡಗೈ ಎಲೆಗಿಕ್ತೀಯೇನೇ? ಎದ್ರುಗೆ ಜನ ಕೂತವ್ರೆ,” ಎಂದರು ಗಂಗಮ್ಮ. “ಬಂದೆ ಇರು, ಒಂದು ಸುತ್ತು ಹಾಕಿ ಬಂದೆ.”

ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಸೆರಗಿನಲ್ಲಿ ಒರೆಸಿಕೊಂಡಳು. ನಾನು ನನ್ನ ಎಲೆ ಬಿಟ್ಟು ಎದ್ದು ಅವಳ ಪಕ್ಕ ಹೋಗಿ ಕೂತೆ. ಅನ್ನ ಕಲಸಿದೆ. ಅವಳು ಬಾಯಿ ತೆರೆಯಲಿಲ್ಲ.

“ನೀವು ಉಣ್ಣಿ ಮೇಡಂ. ನಿಮ್ದು ಆರೋಗ್ತದೆ,” ಎಂದಳು ಮೆಲ್ಲಗೆ. “ನಂಗೆ ಹಸಿವಿಲ್ಲ.”

ಸಾಲಿನವರು ಒಬ್ಬೊಬ್ಬರಾಗಿ ಎದ್ದರು. ಗಂಗಮ್ಮ ಬಂದು ಸೊಸೆಯ ಎಲೆ ನೋಡಿ, “ಬೇಡ ಅಂದ್ರೆ ಮುಂಚೇನೇ ಹೇಳ್ಬಾರ್ದಾ? ಅನ್ನ ದಂಡ,” ಎಂದು ಎಲೆಯನ್ನು ಮಡಿಸಿದರು. ಶೆಡ್ಡಿನ ಕಡೆಯಿಂದ ನಂಜುಂಡ ಕೂಗಿದ, “ರತ್ನಾ, ಬಾ, ಸಂಜೆಯೊಳ್ಗೆ ಮುಗಿಸ್ಬಿಡಾಣ.”

ಹಿತ್ತಲ ನಲ್ಲಿಯ ಹತ್ತಿರ ಎಲ್ಲರೂ ಕೈ ತೊಳೆಯಲು ನಿಂತಿದ್ದರು. ರತ್ನಮ್ಮ ಸರದಿಯಲ್ಲಿ ನಿಂತು, ತನ್ನ ಸರದಿ ಬಂದಾಗ ಮೈಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಆ ಗಟ್ಟಿಯಾದ ತೋಳನ್ನು ನೀರಿನ ಕೆಳಗೆ ಹಿಡಿದಳು. ಬೆರಳುಗಳನ್ನು ಒಂದೊಂದಾಗಿ ಉಜ್ಜಿ ತೊಳೆದುಕೊಂಡಳು. ಆ ಕೈಗೆ ಒಂದು ಅಗುಳು ಅನ್ನವೂ ತಾಕಿರಲಿಲ್ಲ.